ವೈದ್ಯಕೀಯ ಕಾಲೇಜಿನ ಸಂದರ್ಶನದ ದಿನ: ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ನಡೆಯುತ್ತದೆ?

ಮೊದಲಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಇನ್ನು ಹನ್ನೆರಡು ದಿನಕ್ಕೆ ನನ್ನ ಮೊದಲ ಸಂದರ್ಶನ. ಕಾಲೇಜಿನಿಂದ ಬಂದ ಪತ್ರದಲ್ಲಿ ಇರುವುದು ಇಷ್ಟೇ: ಬೆಳಿಗ್ಗೆ ಎಂಟೂವರೆಗೆ ಹಾಜರಿ, ಸ್ವಾಗತ ಭಾಷಣ, ತಲಾ ಏಳು ನಿಮಿಷದ ಆರು ಎಂಎಂಐ (ಮಲ್ಟಿಪಲ್ ಮಿನಿ ಇಂಟರ್ವ್ಯೂ, ಅಂದರೆ ಒಂದಾದ ಮೇಲೆ ಒಂದರಂತೆ ನಡೆಯುವ ಕಿರು ಸಂದರ್ಶನಗಳು) ಸ್ಟೇಷನ್‌ಗಳು, ಅರ್ಧ ಗಂಟೆಯ ಮುಖಾಮುಖಿ ಸಂದರ್ಶನ, ವಿದ್ಯಾರ್ಥಿಗಳ ಜೊತೆ ಊಟ, ಕಾಲೇಜು ವೀಕ್ಷಣೆ, ಮೂರೂವರೆಗೆ ಮುಕ್ತಾಯ. ಎಷ್ಟು ಸಲ ಓದಿದರೂ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತಿಲ್ಲ.

ನಮ್ಮ ಮನೆಯಲ್ಲಾಗಲಿ ಬಂಧುಗಳಲ್ಲಾಗಲಿ ವೈದ್ಯರು ಯಾರೂ ಇಲ್ಲ. ನೂರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ನಿನ್ನೆ ರಾತ್ರಿ ತಂಗಿಯನ್ನು ಎದುರು ಕೂರಿಸಿಕೊಂಡು "ವೈದ್ಯವೃತ್ತಿಯೇ ಏಕೆ?" ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ನಾಲ್ಕನೇ ವಾಕ್ಯದಲ್ಲಿ ಒಂದು ಪದ ಮರೆತುಹೋಯಿತು. ಅಲ್ಲಿಂದ ಮುಂದೆ ಒಂದಕ್ಷರವೂ ಬರಲಿಲ್ಲ. ಆ ದಿನವೂ ಹೀಗೇ ಆದರೆ ಏನು ಮಾಡಲಿ ಎಂಬ ಭಯ ಶುರುವಾಗಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಬಿಳಿಕೋಟು:

ನಾನು ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಸಂದರ್ಶನದ ದಿನಗಳಲ್ಲಿ ಅಭ್ಯರ್ಥಿಗಳನ್ನು ಕೋಣೆಯಿಂದ ಕೋಣೆಗೆ ಕರೆದೊಯ್ಯುವ ಕೆಲಸ ನನ್ನದು. ಆ ದಿನ ಹೊರಗಿನಿಂದ ಹೇಗಿರುತ್ತದೆ ಎಂದು ಹೇಳಬಲ್ಲೆ.

ಮೊದಲು ಹಾಜರಿ. ಗುರುತಿನ ಚೀಟಿ ತೋರಿಸಬೇಕು. ಕೆಲವು ಕಾಲೇಜುಗಳಲ್ಲಿ ಅಂಕಪಟ್ಟಿಯ ಮೂಲ ಪ್ರತಿಯನ್ನೂ ಕೇಳುತ್ತಾರೆ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂಬ ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳುವುದು ಸಾಮಾನ್ಯ. ಮೊಬೈಲ್, ಸ್ಮಾರ್ಟ್ ವಾಚ್ ತೆಗೆದಿಡಿಸುತ್ತಾರೆ. ಹೆಸರಿನ ಚೀಟಿ ಕೊಟ್ಟು ಕಾಯುವ ಕೋಣೆಯಲ್ಲಿ ಕೂರಿಸುತ್ತಾರೆ.

ಇಡೀ ದಿನದಲ್ಲಿ ಅತ್ಯಂತ ಕಷ್ಟದ ಜಾಗ ಈ ಕಾಯುವ ಕೋಣೆಯೇ ಎಂದು ನನಗೆ ಅನಿಸುತ್ತದೆ. ಒಬ್ಬರು ತಮ್ಮ ಸಂಶೋಧನಾ ಲೇಖನದ ಬಗ್ಗೆ ಹೇಳುತ್ತಾರೆ, ಇನ್ನೊಬ್ಬರು ಇದು ತಮ್ಮ ಐದನೇ ಸಂದರ್ಶನ ಎನ್ನುತ್ತಾರೆ. ಕೇಳುತ್ತಾ ಕುಳಿತವರ ಮುಖ ಬಾಡುತ್ತಾ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕರೆ ಬಂದಿದೆ ಎಂದರೆ ನಿಮ್ಮ ಅರ್ಜಿ ಅವರಿಗೆ ಹಿಡಿಸಿದೆ ಎಂದೇ ಅರ್ಥ. ಪಕ್ಕದವರ ಸಾಧನೆಯನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಬದಲಿಗೆ ಅವರನ್ನು ಮಾತನಾಡಿಸಿ. ಅವರ ಎದೆಯೂ ಹೊಡೆದುಕೊಳ್ಳುತ್ತಿರುತ್ತದೆ.

ಆಮೇಲೆ ಎಂಎಂಐ. ಉದ್ದನೆಯ ಓಣಿಯಲ್ಲಿ ಸಾಲಾಗಿ ಬಾಗಿಲುಗಳು, ಪ್ರತಿ ಬಾಗಿಲಿಗೂ ಒಂದು ಹಾಳೆ ಅಂಟಿಸಿರುತ್ತಾರೆ. ಒಂದೊಂದು ಬಾಗಿಲ ಮುಂದೆ ಒಬ್ಬೊಬ್ಬರು. ಗಂಟೆ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ಓದತೊಡಗುತ್ತಾರೆ. ಅದಕ್ಕೆ ಒಂದೋ ಎರಡೋ ನಿಮಿಷ ಸಿಗುತ್ತದೆ. ಇನ್ನೊಂದು ಗಂಟೆಗೆ ಒಳಗೆ ಹೋಗಬೇಕು, ಮುಗಿಯುವ ಗಂಟೆಗೆ ಹೊರಗೆ ಬಂದು ಮುಂದಿನ ಬಾಗಿಲಿಗೆ ಸರಿಯಬೇಕು. ಹಾಳೆಯ ಇನ್ನೊಂದು ಪ್ರತಿ ಸಾಮಾನ್ಯವಾಗಿ ಒಳಗಿನ ಮೇಜಿನ ಮೇಲೂ ಇರುತ್ತದೆ, ಉರು ಹೊಡೆಯುವ ಅಗತ್ಯವಿಲ್ಲ. ಮಾತಿನ ನಡುವೆ ಗಂಟೆ ಹೊಡೆದರೆ ಅದು ಸೋಲಲ್ಲ, ಹೆಚ್ಚಿನವರಿಗೆ ಹಾಗೇ ಆಗುತ್ತದೆ. ಧನ್ಯವಾದ ಹೇಳಿ ಏಳಿ.

ಹೊಸ ಚಪ್ಪಲಿ, ಹೊಸ ಬೂಟು ಮಾತ್ರ ಬೇಡ. ದಿನವಿಡೀ ನಡೆಯುವುದಿರುತ್ತದೆ.

ಮೊದಲಹೆಜ್ಜೆ:

ತುಂಬಾ ಧನ್ಯವಾದಗಳು. ಊಟದ ಹೊತ್ತಿನಲ್ಲಿಯೂ ಅಂಕ ಹಾಕುತ್ತಾರೆಯೇ?

ಬಿಳಿಕೋಟು:

ನಮ್ಮಲ್ಲಿ ಊಟಕ್ಕೆ ಬರುವ ವಿದ್ಯಾರ್ಥಿಗಳ ಕೈಯಲ್ಲಿ ಅಂಕಪಟ್ಟಿ ಇರುವುದಿಲ್ಲ. ಆದರೆ ಹಾಜರಿ ಮೇಜಿನಲ್ಲಿ ಕುಳಿತವರ ಮೇಲೆ ಒಬ್ಬ ಅಭ್ಯರ್ಥಿ ರೇಗಿದರೆ ಆ ಸುದ್ದಿ ಪ್ರವೇಶ ಸಮಿತಿಗೆ ಹೋಗಿಯೇ ಹೋಗುತ್ತದೆ. ಹೋಗಲೇಬೇಕು. ನಾಳೆ ವಾರ್ಡಿನ ಸ್ವಚ್ಛತಾ ಸಿಬ್ಬಂದಿಯ ಜೊತೆ, ದಾದಿಯರ ಜೊತೆ ಹೇಗಿರುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಯಾವುದಿದೆ?

ಊಟದ ಹೊತ್ತನ್ನು ನಿಮಗಾಗಿ ಬಳಸಿಕೊಳ್ಳಿ. ಮೊದಲ ಬಾರಿ ರೋಗಿಗಳನ್ನು ಯಾವಾಗ ನೋಡುತ್ತೀರಿ, ಅನುತ್ತೀರ್ಣರಾದವರಿಗೆ ಯಾರು ನೆರವಾಗುತ್ತಾರೆ, ಮನಸ್ಸು ಕುಗ್ಗಿದಾಗ ಯಾರ ಬಳಿ ಹೋಗುತ್ತೀರಿ, ಇದನ್ನೆಲ್ಲ ಕೇಳಿ. ಕೊನೆಯ ಪ್ರಶ್ನೆಗೆ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರೆ ಆ ಕಾಲೇಜಿನ ಬಗ್ಗೆ ಏನೋ ತಿಳಿಯಿತು ಎಂದು ಇಟ್ಟುಕೊಳ್ಳಿ. ಐದಾರು ವರ್ಷ ಅಲ್ಲಿ ಬದುಕಬೇಕಾದವರು ನೀವು.

ಸಂಜೆಪಾಳಿ:

ವೈದ್ಯನಾಗಿ ಕೆಲಸ ಮಾಡುತ್ತಲೇ ಒಂಬತ್ತು ವರ್ಷ ಅಭ್ಯರ್ಥಿಗಳನ್ನು ಸಂದರ್ಶಿಸಿದ್ದೇನೆ. ಮೊದಲಹೆಜ್ಜೆ ಅವರೇ, ನೀವು ಬಾಯಿಪಾಠ ಮಾಡುತ್ತಿದ್ದೇನೆ ಎಂದದ್ದನ್ನು ಓದಿ ಬರೆಯಲೇಬೇಕು ಅನಿಸಿತು. ದಯವಿಟ್ಟು ಇಂದೇ ನಿಲ್ಲಿಸಿ.

ಎಂಎಂಐ ಏಕೆ ಹುಟ್ಟಿತು ಎಂದು ತಿಳಿದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಮೊದಲೆಲ್ಲ ಒಬ್ಬರೋ ಇಬ್ಬರೋ ಕುಳಿತು ಒಂದೇ ಸಂದರ್ಶನ ಮಾಡುತ್ತಿದ್ದರು. ಒಳಗೆ ಬಂದ ಮೊದಲ ಕ್ಷಣದಲ್ಲಿ ಹಿಡಿಸದಿದ್ದರೆ ಉಳಿದ ಅರ್ಧ ಗಂಟೆಯೂ ಆ ಅಭಿಪ್ರಾಯದ ನೆರಳಿನಲ್ಲೇ ಕಳೆಯುತ್ತಿತ್ತು. ವೈದ್ಯ ವಿದ್ಯಾರ್ಥಿಗಳ ಕೌಶಲ ಪರೀಕ್ಷೆಯಲ್ಲಿ ಇದೇ ಸಮಸ್ಯೆಗೆ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲೇ ಒಂದು ದಾರಿ ಕಂಡುಕೊಂಡಿದ್ದರು. ಅದೇ ಆಸ್ಕೀ: ಒಂದು ದೊಡ್ಡ ಪರೀಕ್ಷೆಯನ್ನು ಸಣ್ಣ ಸಣ್ಣ ಸ್ಟೇಷನ್‌ಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷಕರನ್ನು ಕೂರಿಸುವುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಅದೇ ಉಪಾಯವನ್ನು ಪ್ರವೇಶಕ್ಕೂ ತಂದರು. ಅವರ ಲೇಖನ ಪ್ರಕಟವಾದದ್ದು 2004ರಲ್ಲಿ. ಅಲ್ಲಿಂದ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಗಳಿಗೂ ಹರಡಿತು.

ಇದರಿಂದ ನಿಮಗೆ ಆಗುವ ಲಾಭ ಏನು? ಮೂರನೇ ಕೋಣೆಯಲ್ಲಿ ನೀವು ತೊದಲಿದ್ದು ನಾಲ್ಕನೇ ಕೋಣೆಯವರಿಗೆ ಗೊತ್ತೇ ಇರುವುದಿಲ್ಲ. ಅವರ ಮುಂದೆ ನೀವು ಹೊಸಬರು. ಹಿಂದಿನದನ್ನು ಹೊತ್ತುಕೊಂಡು ಒಳಗೆ ಬರುವವರು ಅಭ್ಯರ್ಥಿಗಳೇ ಹೊರತು ನಾವಲ್ಲ.

ಮುಖಾಮುಖಿ ಸಂದರ್ಶನದ ಬಗ್ಗೆ ಒಂದು ಮಾತು. ಕೆಲವು ಕಾಲೇಜುಗಳಲ್ಲಿ ಸಂದರ್ಶಕರು ನಿಮ್ಮ ಅರ್ಜಿಯನ್ನು ಪೂರ್ತಿ ಓದಿ ಬಂದಿರುತ್ತಾರೆ, ಕೆಲವು ಕಡೆ ಹೆಸರು ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ, ಇನ್ನು ಕೆಲವೆಡೆ ಅಂಕಗಳನ್ನು ಮಾತ್ರ ಮುಚ್ಚಿಟ್ಟಿರುತ್ತಾರೆ. ನಿಮ್ಮದು ಯಾವ ಬಗೆ ಎಂದು ಮೊದಲೇ ವಿಚಾರಿಸಿ. ಓದಿ ಬಂದಿದ್ದರೆ ನೀವು ಬರೆದ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು.

ಒಮ್ಮೆ ಒಬ್ಬ ಅಭ್ಯರ್ಥಿ ವೃದ್ಧಾಶ್ರಮದಲ್ಲಿ ಇನ್ನೂರು ಗಂಟೆ ಸೇವೆ ಮಾಡಿದ್ದೇನೆಂದು ಬರೆದಿದ್ದ. "ಅಲ್ಲಿದ್ದ ಯಾರಾದರೂ ಒಬ್ಬರ ಬಗ್ಗೆ ಹೇಳಿ" ಎಂದೆ. ಅವನು ಸಹಾನುಭೂತಿ, ತಾಳ್ಮೆ, ತಂಡದ ಕೆಲಸ ಎಂದೆಲ್ಲ ಹೇಳಿದ. ಒಬ್ಬ ಮನುಷ್ಯರೂ ಅವನ ಮಾತಿನೊಳಗೆ ಬರಲಿಲ್ಲ. ಅದೇ ವಾರ ಇನ್ನೊಬ್ಬ ಹುಡುಗಿ ಬಂದಿದ್ದಳು. ಅವಳದು ಬರೀ ನಲವತ್ತು ಗಂಟೆ. ಅದೇ ಪ್ರಶ್ನೆ ಕೇಳಿದೆ. ರೇಡಿಯೊ ಹಾಕದೆ ಊಟ ಮುಟ್ಟದ ಒಬ್ಬ ಅಜ್ಜನ ಬಗ್ಗೆ ಹೇಳಿದಳು. ಕಿವಿ ಸರಿಯಾಗಿ ಕೇಳಿಸದ ಅವರಿಗೆ ರೇಡಿಯೊ ಏಕೆ ಬೇಕು ಎಂದು ಅವಳಿಗೆ ಎರಡು ವಾರ ಅರ್ಥವಾಗಿರಲಿಲ್ಲವಂತೆ. ಒಂದು ದಿನ ಅವರು ರೇಡಿಯೊದ ಮೇಲೆ ಅಂಗೈ ಇಟ್ಟುಕೊಂಡೇ ಊಟ ಮಾಡುವುದನ್ನು ನೋಡಿದಳಂತೆ. ಅದರ ಕಂಪನ ಸಾಕಿತ್ತು ಅವರಿಗೆ. ಆಮೇಲೆ ತಟ್ಟೆಯ ಪಕ್ಕದಲ್ಲೇ ರೇಡಿಯೊ ಇಡತೊಡಗಿದಳು. ಅಜ್ಜನ ಹೆಸರನ್ನು ಅವಳು ಎಲ್ಲಿಯೂ ಹೇಳಲಿಲ್ಲ. ಅದನ್ನೂ ನಾನು ಗಮನಿಸಿದೆ.

ನಾವು ಹುಡುಕುವುದು ಇದನ್ನೇ, ಎದುರಿಗಿರುವವರನ್ನು ನೋಡುವ ಕಣ್ಣು. ಬಾಯಿಪಾಠದ ಉತ್ತರ ಹೇಳುವಾಗ ಆ ಕಣ್ಣು ಒಳಮುಖವಾಗಿ ತಿರುಗಿರುತ್ತದೆ, ಮುಂದಿನ ಸಾಲನ್ನು ಹುಡುಕುತ್ತಿರುತ್ತದೆ. ಮೇಜಿನ ಈಚೆ ಕುಳಿತವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಮರಳಿಯತ್ನ:

ಸಂಜೆಪಾಳಿಯವರ ಮಾತಿಗೆ ಗೌರವವಿದೆ, ಆದರೆ ಸ್ವಲ್ಪ ಭಿನ್ನಾಭಿಪ್ರಾಯವೂ ಇದೆ. ಮೊದಲ ವರ್ಷ ನಾನು "ಸಹಜವಾಗಿರೋಣ" ಎಂದು ಏನೂ ತಯಾರಿ ಇಲ್ಲದೆ ಹೋಗಿದ್ದೆ. ಮೂರು ಸಂದರ್ಶನ, ಮೂರೂ ಕಡೆ ತಿರಸ್ಕಾರ. ಒಂದು ಸ್ಟೇಷನ್‌ನಲ್ಲಿ ಹೀಗಿತ್ತು: ರೋಗಿಗೆ ಮೂರ್ಛೆರೋಗ ಇರುವುದು ಹೊಸದಾಗಿ ಪತ್ತೆಯಾಗಿದೆ, ವಾಹನ ಓಡಿಸಬಾರದು ಎಂದರೂ ಓಡಿಸುತ್ತಿದ್ದಾರೆ, ವೈದ್ಯರಾಗಿ ಏನು ಮಾಡುತ್ತೀರಿ? ಇದು ತಯಾರಿಯ ಪುಸ್ತಕಗಳಲ್ಲೆಲ್ಲ ಇರುವ ಹಳೆಯ ಪ್ರಶ್ನೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. "ತಕ್ಷಣ ಪೊಲೀಸರಿಗೆ ತಿಳಿಸುತ್ತೇನೆ" ಎಂದುಬಿಟ್ಟೆ. ಮುಂದೆ ಹೇಳಲು ಏನೂ ಉಳಿಯಲಿಲ್ಲ. ಆರು ನಿಮಿಷ ಬಾಕಿ ಇತ್ತು.

ಎರಡನೇ ವರ್ಷ ವೈದ್ಯಕೀಯ ನೀತಿಶಾಸ್ತ್ರದ ನಾಲ್ಕು ತತ್ವಗಳನ್ನು ಕಲಿತೆ: ರೋಗಿಯ ಸ್ವಾಯತ್ತತೆ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ. ಗೋಪ್ಯತೆಯನ್ನು ಯಾವಾಗ ಮುರಿಯಬಹುದು ಎಂದು ಓದಿದೆ. ಬ್ರಿಟನ್ನಿನಲ್ಲಿ ಹದಿನಾರು ತುಂಬದವರೂ ವಿಷಯವನ್ನು ಪೂರ್ತಿ ಅರ್ಥಮಾಡಿಕೊಳ್ಳಬಲ್ಲರಾದರೆ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು ಎಂಬ 1985ರ ಗಿಲಿಕ್ ತೀರ್ಪನ್ನು ಓದಿದೆ. ಆ ವರ್ಷ ಸೀಟು ಸಿಕ್ಕಿತು. ತಯಾರಿ ಬೇಡ ಎಂದು ಮಾತ್ರ ಯಾರೂ ತಿಳಿಯಬೇಡಿ.

ಸಂಜೆಪಾಳಿ:

ತಯಾರಿ ಬೇಡ ಎಂದು ನಾನು ಹೇಳಲಿಲ್ಲ, ಬಾಯಿಪಾಠ ಬೇಡ ಎಂದೆ. ನೀವು ಮಾಡಿದ್ದು ಸರಿಯಾದ ತಯಾರಿ. ಆದರೆ ಆ ನಾಲ್ಕು ತತ್ವಗಳನ್ನು ಮಗ್ಗಿಯಂತೆ ಒಪ್ಪಿಸುವವರನ್ನೂ ಬೇಕಾದಷ್ಟು ನೋಡಿದ್ದೇನೆ. ತತ್ವದ ಹೆಸರು ಹೇಳಿದ ಮಾತ್ರಕ್ಕೆ ಅಂಕ ಬರುವುದಿಲ್ಲ.

ಮೂರ್ಛೆರೋಗದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಒಳ್ಳೆಯ ಉತ್ತರ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: ಅವರು ಏಕೆ ಓಡಿಸುತ್ತಿದ್ದಾರೆ? ಅದೇ ಅವರ ಜೀವನೋಪಾಯವೇ? ಕಾಯಿಲೆಯ ಬಗ್ಗೆ ಯಾರಾದರೂ ಬಿಡಿಸಿ ಹೇಳಿದ್ದಾರೆಯೇ? ಮೊದಲು ಅವರ ಜೊತೆ ಕೂತು ಮಾತನಾಡುತ್ತೇನೆ, ತಾವಾಗಿಯೇ ಪರವಾನಗಿ ಕಚೇರಿಗೆ ತಿಳಿಸುವಂತೆ ಒಪ್ಪಿಸಲು ನೋಡುತ್ತೇನೆ, ಮನೆಯವರ ನೆರವು ಪಡೆಯಬಹುದೇ ಎಂದು ಅವರನ್ನೇ ಕೇಳುತ್ತೇನೆ, ಹಿರಿಯ ವೈದ್ಯರ ಸಲಹೆ ಪಡೆಯುತ್ತೇನೆ. ಇಷ್ಟಾದರೂ ಕೇಳದಿದ್ದರೆ, ರಸ್ತೆಯಲ್ಲಿ ಇತರರ ಪ್ರಾಣಕ್ಕೆ ಅಪಾಯ ಇರುವುದರಿಂದ, ಅವರಿಗೆ ಹೇಳಿಯೇ ಸಂಬಂಧಪಟ್ಟ ಕಚೇರಿಗೆ ತಿಳಿಸುತ್ತೇನೆ. ಬ್ರಿಟನ್ನಿನ ವೈದ್ಯಕೀಯ ಪರಿಷತ್ತಿನ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದೇ ಹಾದಿಯದು. ನೋಡಿ, ನಾಲ್ಕು ತತ್ವಗಳೂ ಇದರೊಳಗೆ ಇವೆ, ಒಂದರ ಹೆಸರನ್ನೂ ಹೇಳಲಿಲ್ಲ.

ಸಂದರ್ಶಕರು ನಿಮ್ಮ ಮಾತಿಗೆ ಎದುರು ಹಾಕಿದರೆ ಗಾಬರಿ ಬೇಡ. ಬೇಕೆಂದೇ ಹಾಗೆ ಮಾಡುತ್ತೇವೆ. ಅವರ ಮಾತಿನಲ್ಲಿ ಹುರುಳಿದ್ದರೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಕಾರಣವನ್ನು ಶಾಂತವಾಗಿ ಮತ್ತೊಮ್ಮೆ ಹೇಳಿ.

ಮರಳಿಯತ್ನ:

ಒಪ್ಪಿದೆ, ಡಾಕ್ಟರೇ. ನನ್ನ ಆರು ನಿಮಿಷ ಎಲ್ಲಿ ಹೋಯಿತು ಎಂದು ಈಗ ಗೊತ್ತಾಯಿತು. ರೋಗಿಯನ್ನು ಒಂದು ಮಾತೂ ಕೇಳಿರಲಿಲ್ಲ ನಾನು.

ಬಣ್ಣಹಚ್ಚದವಳು:

ನಾನು ವೈದ್ಯೆಯಲ್ಲ, ನಟಿ. ವೈದ್ಯಕೀಯ ಕಾಲೇಜುಗಳ ಪರೀಕ್ಷೆಗಳಲ್ಲಿ ರೋಗಿಯ ಪಾತ್ರ ಮಾಡುತ್ತೇನೆ, ಪ್ರವೇಶ ಸಂದರ್ಶನದ ಸ್ಟೇಷನ್‌ಗಳಲ್ಲಿ ನೆರೆಯವಳೋ ಗೆಳತಿಯೋ ಆಗುತ್ತೇನೆ. ಇದಕ್ಕೂ ಒಂದು ಇತಿಹಾಸವಿದೆ. 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ ಅವರು ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಅಲ್ಲಿಂದ ಬಂದ ಕಸುಬು ನನ್ನದು.

ನಟರಿರುವ ಸ್ಟೇಷನ್ ಎಂದರೆ ಎಲ್ಲರಿಗೂ ಹೆದರಿಕೆ. ಈಗ ಬಳಕೆಯಲ್ಲಿಲ್ಲದ ಒಂದು ಸನ್ನಿವೇಶವನ್ನು ಹೇಳುತ್ತೇನೆ. ನೀವು ನನ್ನ ಪಕ್ಕದ ಮನೆಯವರು. ನಾನು ಪ್ರವಾಸ ಹೋಗುವಾಗ ಗಿಡಕ್ಕೆ ನೀರು ಹಾಕಲು ನಿಮಗೆ ಹೇಳಿದ್ದೆ. ನೀವು ಮರೆತಿರಿ, ಗಿಡ ಒಣಗಿಹೋಯಿತು. ಅದು ತೀರಿಕೊಂಡ ನನ್ನ ತಾಯಿ ನೆಟ್ಟ ಗಿಡ. ಈ ವಿಷಯವನ್ನು ನೀವು ನನಗೆ ತಿಳಿಸಬೇಕು.

ಬಂದವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ "ಕ್ಷಮಿಸಿ" ಎನ್ನುತ್ತಿದ್ದರು, ಮರು ಉಸಿರಿಗೆ ಹೊಸ ಗಿಡ ತಂದುಕೊಡುತ್ತೇನೆ ಎನ್ನುತ್ತಿದ್ದರು. ಹಾಗೆ ಹೇಳಿದ ಪ್ರತಿ ಸಲವೂ ಅಳುವುದು ನನ್ನ ಪಾತ್ರದಲ್ಲಿತ್ತು. ಅತ್ತ ಕೂಡಲೇ ಅವರು ಇನ್ನೂ ಜೋರಾಗಿ, ಇನ್ನೂ ವೇಗವಾಗಿ ಮಾತನಾಡುತ್ತಿದ್ದರು. ಗಿಡವಾಯಿತು, ಹಣವಾಯಿತು, ತೋಟಗಾರರನ್ನು ಕರೆಸುವುದಾಯಿತು.

ಒಬ್ಬ ಹುಡುಗ ಬಂದ. ನಡೆದದ್ದನ್ನು ನೇರವಾಗಿ ಹೇಳಿದ, "ಮರೆತದ್ದು ನನ್ನ ತಪ್ಪು" ಎಂದ. ನಾನು ಅತ್ತೆ. ಅವನು ಸುಮ್ಮನೆ ಕುಳಿತ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ಸ್ವಲ್ಪ ಹೊತ್ತು ಕಳೆದ ಮೇಲೆ ಕೇಳಿದ: "ಅಮ್ಮ ಅದನ್ನು ಯಾವಾಗ ನೆಟ್ಟಿದ್ದರು?" ಪಾತ್ರದ ಹಾಳೆಯಲ್ಲಿ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ನನ್ನ ಸ್ವಂತ ಅಮ್ಮ ನೆನಪಾಗಿ, ಅವರ ಕುರಿತೇ ಏನೋ ಹೇಳಿದೆ. ಗಂಟೆ ಹೊಡೆಯುವವರೆಗೂ ಅವನು ಕೇಳಿಸಿಕೊಂಡ. ಹೊಸ ಗಿಡದ ಮಾತು ಬರಲೇ ಇಲ್ಲ.

ನಮ್ಮ ಅಳು ನಟನೆ ಎಂದು ನಿಮಗೆ ಗೊತ್ತಿರುತ್ತದೆ, ಆದರೂ ಆ ಏಳು ನಿಮಿಷ ಅದನ್ನು ನಿಜವೆಂದೇ ನಂಬಿ. ಸಂದರ್ಶಕರು ಮೂಲೆಯಲ್ಲಿ ಕುಳಿತು ಬರೆದುಕೊಳ್ಳುತ್ತಿರುತ್ತಾರೆ. ಅವರ ಕಡೆ ತಿರುಗಬೇಡಿ, ನನ್ನನ್ನು ನೋಡಿ.

ತಡವರಿಕೆ:

ಮೊದಲ ಬಾರಿ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಚಿಕ್ಕಂದಿನಿಂದ ಉಗ್ಗು ಇದೆ. ನನಗೂ ಮುಂದಿನ ತಿಂಗಳು ಸಂದರ್ಶನ. ಏಳು ನಿಮಿಷದಲ್ಲಿ ಎರಡು ನಿಮಿಷ ಒಂದು ಪದದ ಮೇಲೆಯೇ ಹೋಗಬಹುದು. ಮೊದಲೇ ಹೇಳಿದರೆ ಅರ್ಜಿಯನ್ನು ಪಕ್ಕಕ್ಕಿಡುತ್ತಾರೇನೋ ಎಂಬ ಅಳುಕು.

ಸಂಜೆಪಾಳಿ:

ಮೊದಲೇ ಹೇಳಿ, ಇಂದೇ ಬರೆಯಿರಿ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ, ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಇರುವುದೇ ಇಂಥ ಸಂದರ್ಭಕ್ಕೆ. ಪ್ರತಿ ಸ್ಟೇಷನ್‌ಗೆ ಹೆಚ್ಚುವರಿ ಸಮಯ ಕೇಳಬಹುದು. ವೈದ್ಯರ ಅಥವಾ ವಾಕ್ ಚಿಕಿತ್ಸಕರ ಪತ್ರ ಕೇಳಿದರೆ ಕೊಡಿ. ಹಾಗೆ ಸಮಯ ಪಡೆದ ಅಭ್ಯರ್ಥಿಗಳನ್ನು ನಾನೇ ಸಂದರ್ಶಿಸಿದ್ದೇನೆ. ಒಬ್ಬಾಕೆ ಕೂತ ಕೂಡಲೇ "ನನಗೆ ಉಗ್ಗು ಇದೆ, ನಾನು ನಿಂತರೆ ದಯವಿಟ್ಟು ಕಾಯಿರಿ, ವಾಕ್ಯ ನಾನೇ ಮುಗಿಸುತ್ತೇನೆ" ಎಂದಳು. ಆ ಒಂದು ಮಾತಿನಿಂದ ಇಬ್ಬರಿಗೂ ಹಗುರವಾಯಿತು.

ಇನ್ನೊಂದು ವಿಷಯ, ಎಲ್ಲರಿಗೂ. ಮದುವೆ ಯಾವಾಗ, ಮಕ್ಕಳು ಬೇಕೇ, ಯಾವ ಧರ್ಮ ಎಂಬಂಥ ಪ್ರಶ್ನೆ ಕೇಳಬಾರದು ಎಂದು ಸಂದರ್ಶಕರಿಗೆ ತರಬೇತಿಯಲ್ಲೇ ಹೇಳಿರುತ್ತಾರೆ. ಯಾರಾದರೂ ಕೇಳಿದರೆ ಸೌಜನ್ಯದಿಂದ ಮಾತನ್ನು ಓದಿನ ಕಡೆಗೆ ತಿರುಗಿಸಿ, ಆಮೇಲೆ ಪ್ರವೇಶ ಕಚೇರಿಗೆ ತಿಳಿಸಿ. ಅದು ದೂರು ಹೇಳುವ ಚಾಳಿ ಅಲ್ಲ, ನಿಮ್ಮ ಹಕ್ಕು.

ಬಿಳಿಕೋಟು:

ಆನ್‌ಲೈನ್ ಸಂದರ್ಶನ ಇರುವವರಿಗೂ ಎರಡು ಮಾತು, ಏಕೆಂದರೆ 2020ರ ನಂತರ ಹಲವು ಕಾಲೇಜುಗಳು ಅದನ್ನೇ ಮುಂದುವರಿಸಿವೆ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂರಿ, ಕಿಟಕಿ ಬೆನ್ನ ಹಿಂದೆ ಇರಬಾರದು. ಪರದೆಯ ಅಂಚಿಗೆ ಚೀಟಿ ಅಂಟಿಸಿಕೊಂಡು ಓದಬೇಡಿ, ಕಣ್ಣು ಓಡುವುದು ಆಚೆಯವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಸಂಪರ್ಕ ಕಡಿದುಹೋದರೆ ಕರೆ ಮಾಡಬೇಕಾದ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಡಿ.

ಮೊದಲಹೆಜ್ಜೆ:

ಬರೆದಿಟ್ಟ ಉತ್ತರಗಳನ್ನೆಲ್ಲ ಕಪಾಟಿನಲ್ಲಿ ಇಟ್ಟುಬಿಟ್ಟೆ. ಈಗ ತಂಗಿ ದಿನಕ್ಕೊಂದು ಪ್ರಶ್ನೆ ಅವಳಿಗೆ ತೋಚಿದಂತೆ ಕೇಳುತ್ತಾಳೆ, ನಾನು ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳುತ್ತೇನೆ. ಫಲಿತಾಂಶಕ್ಕೆ ಎಷ್ಟು ದಿನ ಕಾಯಬೇಕಾಗುತ್ತದೆ?

ಮರಳಿಯತ್ನ:

ದೇಶ, ಕಾಲೇಜು ನೋಡಿಕೊಂಡು. ಅಮೆರಿಕದ ಎಂಡಿ ಕಾಲೇಜುಗಳು (ಅಲ್ಲಿ ವೈದ್ಯರ ಮೊದಲ ಪದವಿಯೇ ಎಂಡಿ) ಸಾಮಾನ್ಯ ಅರ್ಜಿದಾರರಿಗೆ ಅಕ್ಟೋಬರ್ 15ಕ್ಕಿಂತ ಮೊದಲು ಸೀಟು ಘೋಷಿಸುವುದಿಲ್ಲ, ಅಲ್ಲಿಂದ ತಿಂಗಳುಗಟ್ಟಲೆ ಸುತ್ತು ಸುತ್ತಾಗಿ ತಿಳಿಸುತ್ತಾ ಹೋಗುತ್ತವೆ. ಬ್ರಿಟನ್ನಿನಲ್ಲಿ ಅದೇ ಅಕ್ಟೋಬರ್ 15 ಅರ್ಜಿ ಹಾಕಲು ಕೊನೆಯ ದಿನ, ವೈದ್ಯಕೀಯಕ್ಕೆ ನಾಲ್ಕೇ ಆಯ್ಕೆ, ಸಂದರ್ಶನ ಹೆಚ್ಚಾಗಿ ಚಳಿಗಾಲದಲ್ಲಿ. ಕಾಯುವ ಪಟ್ಟಿಯಲ್ಲಿ ಹೆಸರು ಬಂದರೆ ಎದೆಗುಂದಬೇಡಿ. ಕಾಯುವ ಪಟ್ಟಿಯಿಂದಲೇ ಒಳಗೆ ಹೋದವನು ನಾನು.

ಮೊದಲಹೆಜ್ಜೆ:

ಇವತ್ತು ಮುಗಿಯಿತು. ಮನೆಗೆ ಬಂದು ಬೂಟು ಬಿಚ್ಚಿ ನೇರ ಇಲ್ಲಿಗೆ ಬಂದಿದ್ದೇನೆ.

ಪ್ರಶ್ನೆಗಳನ್ನು ಬರೆಯುವಂತಿಲ್ಲ, ಸಹಿ ಹಾಕಿದ್ದೇನೆ. ಎರಡನೇ ಕೋಣೆಯಲ್ಲಿ ನಾನು ಹೆದರಿದ್ದೇ ಆಯಿತು. ಮಾತಿನ ನಡುವೆ ತಲೆ ಖಾಲಿಯಾಯಿತು. ಆದರೆ ಈ ಸಲ ಹುಡುಕಲು ಮರೆತ ಸಾಲು ಯಾವುದೂ ಇರಲಿಲ್ಲ. "ಒಂದು ನಿಮಿಷ ಯೋಚಿಸಲೇ?" ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು "ಖಂಡಿತ" ಎಂದರು. ಕಿಟಕಿಯ ಆಚೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದರು, ಅಷ್ಟು ಹೊತ್ತು ಅದನ್ನೇ ನೋಡಿದೆ. ಆಮೇಲೆ ಮಾತು ಬಂತು. ಪೂರ್ತಿ ಸರಿಯಾಗಿ ಹೇಳಿದೆನೋ ಇಲ್ಲವೋ, ಹೇಳಿದ್ದು ನನ್ನ ಮಾತೇ. ಮೂರನೇ ಬಾಗಿಲ ಮುಂದೆ ನಿಂತಾಗ ಸಂಜೆಪಾಳಿಯವರ ಮಾತು ನೆನಪಾಯಿತು, ಒಳಗಿರುವವರಿಗೆ ನಾನು ಹೊಸಬ.

ಒಂದು ಕೋಣೆಯಲ್ಲಿ ನಟಿ ಇದ್ದರು. ಬಣ್ಣಹಚ್ಚದವಳು ಅವರೇ, ಅದು ನೀವೇ ಆಗಿದ್ದರೂ ಹೇಳಬೇಡಿ. ಅವರ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ, ಮೂಲೆಯಲ್ಲಿ ಯಾರು ಕುಳಿತಿದ್ದರು ಎಂಬುದೂ ಈಗ ನೆನಪಿಲ್ಲ.

ಊಟದ ಹೊತ್ತಿನಲ್ಲಿ ಮನಸ್ಸು ಕುಗ್ಗಿದರೆ ಯಾರ ಬಳಿ ಹೋಗುತ್ತೀರಿ ಎಂದು ಕೇಳಿದೆ. ಇಬ್ಬರು ವಿದ್ಯಾರ್ಥಿಗಳು ಒಟ್ಟಿಗೆ ಒಬ್ಬ ಅಧ್ಯಾಪಕರ ಹೆಸರು ಹೇಳಿದರು. ಆಗ ಆ ಕಾಲೇಜು ನಿಜಕ್ಕೂ ಬೇಕು ಅನಿಸಿತು.

ಫಲಿತಾಂಶಕ್ಕೆ ಆರು ವಾರವಂತೆ. ತಡವರಿಕೆ ಅವರೇ, ಹೆಚ್ಚುವರಿ ಸಮಯಕ್ಕೆ ಬರೆದಿರಾ? ನಿಮ್ಮ ಸಂದರ್ಶನಕ್ಕೆ ಇನ್ನೂ ಮೂರು ವಾರವಿದೆ. ಸಂಜೆ ಏಳರ ನಂತರ ನಾನು ಬಿಡುವಾಗಿರುತ್ತೇನೆ, ಪ್ರಶ್ನೆ ಕೇಳಲು ತಂಗಿಯೂ ಸಿದ್ಧವಾಗಿದ್ದಾಳೆ. ನೀವು ಎಷ್ಟು ಹೊತ್ತು ನಿಂತರೂ ವಾಕ್ಯವನ್ನು ನಾವು ಮುಗಿಸುವುದಿಲ್ಲ.